ಸೊರಗಿದ ಸೈನಿಕರು

ಕೂಳೂರು, ಮಂಗಳೂರು
11 ಫೆಬ್ರವರಿ 2024

ಶ್ರೀ ಮುಖೇಶ್ ಅವರಿಗೆ ನಮಸ್ಕಾರ.

ನನ್ನ ಹೆಸರು ಮುಮ್ತಾಝ್. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಶಾರ್ಜಾದಲ್ಲಿರುವ ನನ್ನ ತಂಗಿಯ ಮಗ ಅರಾಫತ್ ನಿಮ್ಮ ವಿಷಯ ಹೇಳಿದ. ನೀವು ಪೆನ್ಸಿಲಿನಲ್ಲಿ ಬರೆದ ಅವನ ಮುಖವನ್ನು ಮೊಬೈಲಿನಲ್ಲಿ ಕಳಿಸಿದ್ದ. ಚಿಕ್ಕಂದಿನಲ್ಲಿ ಜಾರಿಬಿದ್ದು ಹುಬ್ಬಿನ ಮೇಲೆ ಆದ ಗಾಯದ ಗುರುತು ಕೂಡ ಅದರಲ್ಲಿತ್ತು. ಇಷ್ಟು ಸರಿಯಾಗಿ ನೋಡುವ ಕಣ್ಣು ನನಗೆ ಬೇಕಾಗಿದೆ.

ನಾನೊಂದು ಪುಸ್ತಕ ಬರೆಯುತ್ತಿದ್ದೇನೆ. ಪ್ರಾಚೀನ ಗ್ರೀಕ್ ಮತ್ತು ಪರ್ಷಿಯನ್ ಸೈನ್ಯಗಳ ಬಗ್ಗೆ ಒಂದು ಸಚಿತ್ರ ಕೈಪಿಡಿ. ಎಡಪುಟದಲ್ಲಿ ಬರಹ, ಬಲಪುಟದಲ್ಲಿ ಒಬ್ಬ ಸೈನಿಕ. ಅವನ ಶಿರಸ್ತ್ರಾಣದಿಂದ ಪಾದರಕ್ಷೆಯವರೆಗೆ ಒಂದೊಂದಕ್ಕೂ ಅಂಕೆ, ಅಂಕೆಗೆ ತಕ್ಕ ವಿವರಣೆ. ಹಂಪನಕಟ್ಟೆಯ ಹಳೆ ಪುಸ್ತಕದವನ ಹತ್ತಿರ ಇಂಗ್ಲಿಷಿನಲ್ಲಿ ಇಂಥವು ಸಿಗುತ್ತವೆ. ಕನ್ನಡದಲ್ಲಿ ನಾನು ಕಂಡಿಲ್ಲ. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಅವರು ಯುದ್ಧಕ್ಕೆ ಹೋಗುವಾಗ ಎಂತ ಹಾಕ್ಕೊಳ್ತಿದ್ರು?" ಎಂದು ಕೇಳಿದ್ದಳು. ನನಗೆ ಗೊತ್ತಿರಲಿಲ್ಲ. "ಅದು ಪರೀಕ್ಷೆಗಿಲ್ಲ, ಕೂತ್ಕೋ" ಎಂದೆ. ನಿವೃತ್ತಿಯಾದ ಮೇಲೆ ಆ ಉತ್ತರ ನನ್ನನ್ನು ಬಿಡುತ್ತಿಲ್ಲ.

ಬೆಂಗಳೂರಿನ ಪ್ರಕಾಶಕರೊಬ್ಬರು ಒಪ್ಪಿದ್ದಾರೆ. ಇಪ್ಪತ್ತನಾಲ್ಕು ಚಿತ್ರ ಬೇಕು. ನನ್ನ ಗಂಡ ಮೂಸಬ್ಬ, ಮರದ ವ್ಯಾಪಾರ ಬಿಟ್ಟು ಈಗ ಮನೆಯಲ್ಲಿರುವವರು, ದಿನಾ ಕೇಳುತ್ತಾರೆ: "ಇರಾನಿನವನಿಗೂ ಗ್ರೀಸಿನವನಿಗೂ ಜಗಳ ಆದ್ರೆ ಕೂಳೂರಿನವಳಿಗೆ ಎಂತ?" ಅವರಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ.

ಮೊದಲ ಮೂರು ಸೈನಿಕರ ವಿವರ ಜೊತೆಗಿಟ್ಟಿದ್ದೇನೆ. ಒಪ್ಪಿಗೆಯಾದರೆ ತಿಳಿಸಿ.

ಇತಿ,
ಮುಮ್ತಾಝ್


ಶಾರ್ಜಾ
3 ಮಾರ್ಚ್ 2024

ಟೀಚರಿಗೆ ನಮಸ್ಕಾರ.

ಒಪ್ಪಿಗೆ ಉಂಟು. ಶಾಲೆಯಲ್ಲಿ ಹಿಸ್ಟರಿ ಅಂದ್ರೆ ನನಗೆ ನಿದ್ದೆ ಬರ್ತಿತ್ತು, ಕ್ಷಮಿಸಿ. ಆದ್ರೆ ನಿಮ್ಮ ಕಾಗದ ನಾಲ್ಕು ಸಲ ಓದಿದೆ.

ನನ್ನದು ಮಣ್ಣಗುಡ್ಡ. ಅಲ್ಲಿ ಬೋರ್ಡ್ ಬರೆಯುವ ಅಂಗಡಿ ಇಟ್ಟಿದ್ದೆ. ಬೇಕರಿ, ಟೈಲರ್, ಕ್ಲಿನಿಕ್, ಎಲ್ಲ ನನ್ನದೇ ಅಕ್ಷರ. ಫ್ಲೆಕ್ಸ್ ಬಂದ ಮೇಲೆ ಬ್ರಶ್ ಕೇಳುವವರಿಲ್ಲ. ಇಲ್ಲಿ ಒಂದು ಕಂಪನಿಯ ಡಿಸೈನ್ ಸೆಕ್ಷನ್‌ನಲ್ಲಿದ್ದೇನೆ. ಎಸಿ ರೂಮ್, ಕೂತು ಮಾಡುವ ಕೆಲಸ. ಪುರುಸೊತ್ತು ಬೇಕಾದಷ್ಟು ಉಂಟು.

ವಾಟ್ಸಾಪ್ ಬೇಡ ಟೀಚರ್. ಆಫೀಸಿನಲ್ಲಿ ಮೊಬೈಲ್ ಬಿಡುವುದಿಲ್ಲ, ರೂಮಿನಲ್ಲಿ ನೆಟ್ ಸರಿ ಇಲ್ಲ. ಚಿತ್ರವನ್ನು ಮೊಬೈಲಿನಲ್ಲಿ ನೋಡಿದ್ರೆ ತಪ್ಪೂ ಕಾಣುವುದಿಲ್ಲ. ಅರಾಫತ್ ಇಲ್ಲಿ ಬಂದು ಹೋಗ್ತಾ ಇರ್ತಾನೆ, ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸ್ತಾನೆ. ಸ್ವಲ್ಪ ತಡ ಆಗಬಹುದು.

ಗ್ರೀಕ್ ಕಾಲಾಳು ಕಳಿಸಿದ್ದೇನೆ. ಜೊತೆಗೆ ಒಂದು ಸಣ್ಣ ಲಕೋಟೆ ಉಂಟು. ಅದು ನನ್ನ ಮಗಳು ದೀಕ್ಷಿತಾಗೆ. ಮುಂದಿನ ತಿಂಗಳು ಅವಳಿಗೆ ಹತ್ತು ತುಂಬ್ತದೆ. ಅವಳ ಮುಖವನ್ನೇ ಬರೆದಿದ್ದೇನೆ. ನನ್ನ ಹೆಂಡತಿ ಸಂಚಿತಾಳ ನಂಬರ್ ಹಿಂದೆ ಬರೆದಿದ್ದೇನೆ. ಯಾರ ಹತ್ತಿರವಾದ್ರೂ ತಲುಪಿಸಿದ್ರೆ ದೊಡ್ಡ ಉಪಕಾರ.

ಮುಖೇಶ್


ಕೂಳೂರು
16 ಏಪ್ರಿಲ್ 2024

ಪ್ರಿಯ ಮುಖೇಶರೇ,

ಹಬ್ಬದ ಗಡಿಬಿಡಿ ಮುಗಿದು ಈಗ ಕೂತಿದ್ದೇನೆ.

ನಿಮ್ಮ ಗ್ರೀಕನ ಮುಖ ಬಹಳ ಚೆನ್ನಾಗಿದೆ. ಗುರಾಣಿ ತಪ್ಪು. ನೀವು ಅದನ್ನು ಯಕ್ಷಗಾನದ ವೇಷಧಾರಿಯ ಹಾಗೆ ನಡುವಿನಲ್ಲಿ ಹಿಡಿಸಿದ್ದೀರಿ. ಹಾಪ್ಲೈಟ್, ಅಂದರೆ ಗ್ರೀಕರ ಭಾರೀ ಕವಚದ ಕಾಲಾಳು, ಮೊಣಕೈಯವರೆಗೆ ತೋಳನ್ನು ಗುರಾಣಿಯ ನಡುವಿನ ಪಟ್ಟಿಯೊಳಗೆ ತೂರಿಸಿ, ಅಂಚಿನ ಹಗ್ಗವನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಗುರಾಣಿಯ ಅರ್ಧ ಅವನನ್ನು ಕಾಯುತ್ತಿತ್ತು, ಉಳಿದರ್ಧ ಎಡಗಡೆ ನಿಂತವನನ್ನು. ಶಿರಸ್ತ್ರಾಣದ ಜುಟ್ಟು ಕುದುರೆಯ ಕೂದಲು, ನವಿಲುಗರಿ ಅಲ್ಲ.

ಲಕೋಟೆಯನ್ನು ನಾನೇ ಮಣ್ಣಗುಡ್ಡಕ್ಕೆ ಹೋಗಿ ಕೊಟ್ಟೆ. ಸಂಚಿತಾ ನೀರುದೋಸೆ ತಿನ್ನಿಸದೆ ಬಿಡಲಿಲ್ಲ. ಗೋಡೆಯ ಮೇಲೆ ನಿಮ್ಮ ಮದುವೆಯ ಫೋಟೋ ನೋಡಿದೆ. ಗುಂಡಗಿನ ಮುಖ, ದಪ್ಪ ಮೀಸೆ. ನನ್ನ ಮನಸ್ಸಿನಲ್ಲಿ ನೀವು ಸಪೂರ ಇದ್ದಿರಿ! ದೀಕ್ಷಿತಾ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ನಾನು ಸಣ್ಣವಳಿದ್ದಾಗ" ಎಂದಳು. ಅವಳಿಗೆ ಈಗ ಮುಂದಿನ ಹಲ್ಲುಗಳು ಬಂದಿವೆ, ತಾಯಿಯ ಭುಜಕ್ಕೆ ಬಂದಿದ್ದಾಳೆ.

ಸಂಚಿತಾ ಕೇಳಿದಳು, "ಟೀಚರ್, ಇವರು ಬರುವುದು ಯಾವಾಗ ಅಂತ ನಿಮಗೇನಾದ್ರೂ ಬರೆದಿದ್ದಾರಾ? ಮೂರು ವರ್ಷ ಆಯ್ತು." ಇಲ್ಲವೆಂದೆ. ಅದು ನಿಮ್ಮಿಬ್ಬರ ವಿಷಯ, ನಾನು ತಲೆ ಹಾಕುವುದಿಲ್ಲ.

ಮುಮ್ತಾಝ್


ಶಾರ್ಜಾ
19 ಮೇ 2024

ಟೀಚರ್,

ಮುಂದಿನ ಹಲ್ಲು ಬಂತು ಅಂತ ಓದಿದ ಕೂಡಲೇ ಹಾಳೆ ತೆಗೆದೆ. ಇನ್ನೊಂದು ಚಿತ್ರ ಬರೆದೆ, ನಗುವ ಹಾಗೆ. ಅದೂ ಒಳಗುಂಟು.

ಗುರಾಣಿ ಸರಿ ಮಾಡಿದೆ. ಡ್ರಮ್ಮಿನ ಮುಚ್ಚಳಕ್ಕೆ ಹಗ್ಗ ಕಟ್ಟಿ ಇಲ್ಲಿ ಒಬ್ಬನ ಕೈಗೆ ತೂರಿಸಿ ನಿಲ್ಲಿಸಿದೆ. ಅವನು ಉಕ್ರೇನಿನವ, ಇಂಜಿನಿಯರ್. ನಮ್ಮ ಆಫೀಸಿನಲ್ಲಿ ಎಲ್ಲ ದೇಶದವರು ಉಂಟು. ಇಥಿಯೋಪಿಯದ ತೆಸ್ಫಾಯೆ ಉಂಟು, ಅಡುಗೆಯ ದರ್ವೇಶ್ ಇರಾನಿನ ಕಡಲಕರೆಯವ, ಅರವತ್ತು ದಾಟಿದೆ. ಕೆಲಸ ಮುಗಿದ ಮೇಲೆ ನನಗೆ ನಿಂತುಕೊಡ್ತಾರೆ. ನೀವು ಬರೆದದ್ದನ್ನು ನಾನು ಹರಕು ಇಂಗ್ಲಿಷಿನಲ್ಲಿ ಓದಿ ಹೇಳ್ತೇನೆ. "ಟೀಚರ್ ಸೇಸ್ ವಾಟ್?" ಅಂತ ಕಾಯ್ತಾರೆ.

ಪರ್ಷಿಯದ ರಾಜನ ಹತ್ತಿರ 'ಅಮರರು' ಅಂತ ಹತ್ತು ಸಾವಿರದ ದಳ ಇತ್ತು, ಒಬ್ಬ ಸತ್ತರೆ ತಕ್ಷಣ ಇನ್ನೊಬ್ಬನನ್ನು ತುಂಬಿಸ್ತಿದ್ದರು, ಲೆಕ್ಕ ಕಡಿಮೆ ಆಗ್ತಿರಲಿಲ್ಲ ಅಂತ ಬರೆದಿದ್ದೀರಿ. ತೆಸ್ಫಾಯೆ ಒಂದು ಪ್ರಶ್ನೆ ಕೇಳ್ತಾನೆ. ಅವರಿಗೆ ರಜೆ ಇತ್ತಾ? ಬದಲಿ ಬಂದ್ರೆ ಮನೆಗೆ ಹೋಗಬಹುದಿತ್ತಾ?

ಮುಖೇಶ್


ಕೂಳೂರು
23 ಜೂನ್ 2024

ಪ್ರಿಯ ಮುಖೇಶ್,

ರಜೆಯ ಬಗ್ಗೆ ಎಲ್ಲಿಯೂ ದಾಖಲೆ ಇಲ್ಲ. ಕಾಯಿಲೆ ಬಿದ್ದವನ ಬದಲಿಗೂ ಇನ್ನೊಬ್ಬನನ್ನು ಆರಿಸುತ್ತಿದ್ದರು ಎಂದಷ್ಟೇ ಗೊತ್ತು. ಕಾಯಿಲೆಯವನು ಮನೆಗೆ ಹೋದನೇ ಎಂದು ಯಾರೂ ಬರೆದಿಡಲಿಲ್ಲ. ತೆಸ್ಫಾಯೆಗೆ ಹೇಳಿ, ಇದು ಒಳ್ಳೆಯ ಪ್ರಶ್ನೆ.

ಒಂಬತ್ತು ಚಿತ್ರಗಳನ್ನೂ ಮೇಜಿನ ಮೇಲೆ ಹರಡಿ ನೋಡಿದೆ. ಒಂದು ಸಂಗತಿ ಕಣ್ಣಿಗೆ ಬಿತ್ತು. ಗ್ರೀಕರೆಲ್ಲ ನಿಂತಿದ್ದಾರೆ. ಪರ್ಷಿಯನ್ನರು ಬಿದ್ದಿದ್ದಾರೆ, ಇಲ್ಲವೇ ಬೀಳುತ್ತಿದ್ದಾರೆ. ತಪ್ಪು ನಿಮ್ಮದಲ್ಲ. ನಾನು ಮಾದರಿಗೆ ಕಳಿಸಿದ ಇಂಗ್ಲಿಷ್ ಪುಸ್ತಕದ ಪುಟಗಳಲ್ಲೂ ಹಾಗೆಯೇ ಇದೆ. ಬರೆದಿಟ್ಟವರು ಗೆದ್ದವರು, ಅವರ ಹೂಜಿಗಳ ಮೇಲೆ ಚಿತ್ರ ಬರೆದವರೂ ಅವರೇ. ಆದರೆ ಆ ಸೈನ್ಯ ಅರ್ಧ ಲೋಕವನ್ನು ನಡೆದುಕೊಂಡು ಬಂದಿತ್ತು, ಬಿದ್ದುಕೊಂಡು ಅಲ್ಲ. ನನಗೆ ನಿಂತಿರುವ ಪರ್ಷಿಯನ್ ಬೇಕು. ತೋಳಿರುವ ಅಂಗಿ, ಷರಾಯಿ, ಕಿವಿ ಮುಚ್ಚುವ ಮೆತ್ತನೆಯ ಟೊಪ್ಪಿ, ಬೆತ್ತದಿಂದ ಹೆಣೆದ ಗುರಾಣಿ. ಈಟಿಯ ಬುಡದಲ್ಲಿ ಬೆಳ್ಳಿಯ ದಾಳಿಂಬೆ.

ಕಾಗದ ಎಲ್ಲಿಯದು? ದಪ್ಪಗೆ ಒಳ್ಳೆಯದಿದೆ, ಆದರೆ ಹಿಂಬದಿಯಲ್ಲಿ ಏನೇನೋ ಅಂಕೆಗಳು ಅಚ್ಚಾಗಿವೆ. ಸ್ಕ್ಯಾನ್ ಮಾಡುವಾಗ ತೊಂದರೆಯಾಗಬಹುದು.

ಪ್ರಕಾಶಕರು ಅವಸರ ಮಾಡುತ್ತಿಲ್ಲ. ನಿಧಾನವಾಗಿ ಮಾಡಿ.

ಮುಮ್ತಾಝ್


ಶಾರ್ಜಾ
4 ಆಗಸ್ಟ್ 2024

ಟೀಚರ್,

ಕಾಗದ ಆಫೀಸಿನ ರದ್ದಿ. ಬೇರೆ ಸಿಗುವುದು ಕಷ್ಟ, ಸುಧಾರಿಸಿಕೊಳ್ಳಿ.

ನಿಂತ ಪರ್ಷಿಯನ್ ಕಳಿಸಿದ್ದೇನೆ. ಅದು ದರ್ವೇಶ್. ನೀವು ಬರೆದದ್ದನ್ನು ಹೇಳಿದ ಕೂಡಲೇ ಅವನು ಎದ್ದು ಒಳಗೆ ಹೋದ. ಕೋಪ ಬಂತೇನೋ ಅಂತ ನಾವು ಮುಖ ಮುಖ ನೋಡಿದೆವು. ಅರ್ಧ ಗಂಟೆ ಬಿಟ್ಟು ಬಂದ. ಮುಖ ತೊಳೆದು, ಗಡ್ಡ ಬಾಚಿ, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿದ್ದ. ಕೈಯಲ್ಲಿ ಪೊರಕೆಯ ಕೋಲು. ಎರಡು ಗಂಟೆ ಒಂದೇ ಸಮ ನಿಂತ ಮಾರಾಯ್ರೆ, ಬಿಸಿಲಿಗೆ. ಕೂತ್ಕೋ ಅಂದ್ರೂ ಕೇಳಲಿಲ್ಲ.

ಕೆಂಪು ಮುಗಿದಿತ್ತು, ಬೇರೆ ಕೆಂಪು ಹಾಕಿದೆ. ನೀಲಿಯೂ ಮುಗಿಯುತ್ತಾ ಬಂತು. ಈ ಸಲ ನಾಲ್ಕೇ ಚಿತ್ರ.

ಸಂಚಿತಾ ಸಿಕ್ಕಿದ್ರೆ ನಾನು ಆರಾಮ ಇದ್ದೇನೆ ಅಂತ ಹೇಳಿ. ಆದಿತ್ಯವಾರ ಫೋನ್ ಮಾಡ್ತೇನೆ, ಆದ್ರೆ ಲೈನ್ ಕಟ್ ಆಗ್ತದೆ. ವಿಡಿಯೋ ಹಾಕಿ ಅಂತಾಳೆ. ಅಷ್ಟು ನೆಟ್ ಇಲ್ಲ.

ಮುಖೇಶ್


ಕೂಳೂರು
1 ಸೆಪ್ಟೆಂಬರ್ 2024

ಪ್ರಿಯ ಮುಖೇಶ್,

ದರ್ವೇಶ್ ಅವರ ಚಿತ್ರವನ್ನು ಮೂಸಬ್ಬರಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿ, "ಇವನ ಹತ್ತಿರ ಮರ ಕೊಳ್ಳುವಾಗ ಚೌಕಾಸಿ ಮಾಡ್ಲಿಕ್ಕೆ ನನಗೆ ಧೈರ್ಯ ಇಲ್ಲ" ಎಂದರು. ಇದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಬರುವುದಿಲ್ಲ.

ಇನ್ನು ನನ್ನ ತಕರಾರು. ನಿಷ್ಠುರವಾಗಿ ಬರೆಯುತ್ತೇನೆ, ಬೇಸರ ಬೇಡ. ನಿಮ್ಮ ಸೈನಿಕರು ಸೊರಗುತ್ತಿದ್ದಾರೆ. ಮಾರ್ಚಿನ ಹಾಪ್ಲೈಟ್‌ನನ್ನೂ ಆಗಸ್ಟಿನವನನ್ನೂ ಪಕ್ಕದಲ್ಲಿಟ್ಟು ನೋಡಿದೆ. ಒಬ್ಬನೇ ಮನುಷ್ಯ, ಆದರೆ ಕೆನ್ನೆ ಒಳಗೆ ಹೋಗಿದೆ, ಕೊರಳಿನ ಎಲುಬು ಎದ್ದಿದೆ. ಇಪ್ಪತ್ತು ಕಿಲೋಗೂ ಹೆಚ್ಚು ಕಂಚು ಮತ್ತು ಮರ ಹೊತ್ತು ಓಡಿದವರು ಇವರು. ನಿಮ್ಮ ಗ್ರೀಕನ ಕಾಲಿನ ಕವಚ ಎರಡು ಹೆಜ್ಜೆ ಇಟ್ಟರೆ ಜಾರಿ ಬೀಳುತ್ತದೆ. ಕೈಪಿಡಿ ಎಂದರೆ ಮಕ್ಕಳು ನಂಬುವ ಪುಸ್ತಕ. ಚಿತ್ರಕಾರನ ಮನಸ್ಸಿನ ವಿಷಾದಕ್ಕೆಲ್ಲ ಅದರಲ್ಲಿ ಜಾಗವಿಲ್ಲ. ಹದಿನಾಲ್ಕರಿಂದ ಮುಂದಿನ ಚಿತ್ರಗಳಲ್ಲಿ ದಯವಿಟ್ಟು ಮೈಗೆ ಮಾಂಸ ತುಂಬಿ.

ಆ ಕೆಂಪು ಯಾವ ಅಂಗಡಿಯದು? ಪೊಟ್ಟಣ ಬಿಚ್ಚಿದ ಕೂಡಲೇ ನನ್ನ ತಂದೆಯ ಮಂಜಿಯ, ಸರಕು ಸಾಗಿಸುವ ಹಾಯಿದೋಣಿಯ, ನೆನಪಾಯಿತು. ನಾವು ಬಂದರಿನವರು. ಪ್ರತಿ ಮಳೆಗಾಲ ಕಳೆದು ದೋಣಿಗೆ ಬಣ್ಣ ಬಳಿಯುವಾಗ ಇದೇ ವಾಸನೆ ಬರುತ್ತಿತ್ತು.

ಮುಮ್ತಾಝ್


ಶಾರ್ಜಾ
29 ಸೆಪ್ಟೆಂಬರ್ 2024

ಟೀಚರ್,

ನಿಮ್ಮ ತಕರಾರು ಎಲ್ಲರಿಗೂ ಓದಿ ಹೇಳಿದೆ. ಸೊರಗಿದ್ದಾರೆ ಅಂದದ್ದಕ್ಕೆ ಬಿದ್ದು ಬಿದ್ದು ನಕ್ಕರು. ಬಹಳ ದಿನ ಆಗಿತ್ತು ಹಾಗೆ ನಕ್ಕು. ಇನ್ನು ದಪ್ಪ ಬರೆಯುತ್ತೇನೆ.

ಗ್ರೀಕರು ಎಂತ ತಿನ್ನುತ್ತಿದ್ದರು ಅಂತ ಬರೆಯಿರಿ. ವಿವರವಾಗಿ ಬರೆಯಿರಿ. ಪರ್ಷಿಯನ್ನರ ಊಟವೂ ಬೇಕು.

ಈ ಸಲ ಒಂದೇ ಚಿತ್ರ. ಪರ್ಷಿಯದ ಸೈನ್ಯದಲ್ಲಿ ನಮ್ಮ ದೇಶದವರೂ ಇದ್ದರು, ಹತ್ತಿಬಟ್ಟೆ ಉಟ್ಟು, ಬೆತ್ತದ ಬಿಲ್ಲು ಹಿಡಿದು ಹೋಗಿದ್ದರು ಅಂತ ಬರೆದಿದ್ದಿರಲ್ಲ, ಆ ಬಿಲ್ಲುಗಾರ.

ಮುಖೇಶ್


ಕೂಳೂರು
17 ಅಕ್ಟೋಬರ್ 2024

ಮುಖೇಶ್,

ಬಿಲ್ಲುಗಾರ ತಲುಪಿದ. ಹತ್ತಿಬಟ್ಟೆಯ ನೆರಿಗೆ ಸರಿಯಿದೆ, ಬಿಲ್ಲಿನ ಗಂಟು ಸರಿಯಿದೆ ಎಂದು ಗುರುತು ಹಾಕುತ್ತಾ ಮುಖಕ್ಕೆ ಬಂದೆ. ಅಲ್ಲಿ ನನ್ನ ಪೆನ್ಸಿಲ್ ನಿಂತಿತು. ಈ ಮುಖವನ್ನು ನಾನು ಮಣ್ಣಗುಡ್ಡದ ಗೋಡೆಯ ಮೇಲೆ, ನಿಮ್ಮ ಮದುವೆಯ ಫೋಟೋದಲ್ಲಿ ನೋಡಿದ್ದೇನೆ. ಅದೇ ಹುಬ್ಬು, ಅದೇ ಮೀಸೆ. ಉಳಿದದ್ದು ಯಾವುದೂ ಅದೇ ಅಲ್ಲ.

ಹಾಳೆಯನ್ನು ತಿರುಗಿಸಿದೆ. ಹಿಂದಿನ ಅಂಕೆಗಳು ನೀರಿನ ಆಳದ ಅಂಕೆಗಳು. ಅದು ಕಡಲಿನ ನಕ್ಷೆ. ಬಂದರಿನಲ್ಲಿ ಹುಟ್ಟಿದವಳು ಏಳು ತಿಂಗಳು ಅದನ್ನು ರದ್ದಿ ಎಂದು ನಂಬಿದ್ದೆ.

ಅರಾಫತ್‌ಗೆ ಫೋನ್ ಮಾಡಿದೆ. ಮೊದಲು "ಎಂತ ಇಲ್ಲ ದೊಡ್ಡಮ್ಮ" ಎಂದ. ನಿನ್ನ ತಾಯಿಯ ಮೇಲೆ ಆಣೆ ಎಂದಾಗ ಅತ್ತುಬಿಟ್ಟ. ಅವನು ಕೆಲಸ ಮಾಡುವ ಲಾಂಚು ಹೊರಗೆ ಲಂಗರು ಹಾಕಿದ ಹಡಗುಗಳಿಗೆ ನೀರು ತರಕಾರಿ ಒಯ್ಯುವುದು ನನಗೆ ಗೊತ್ತಿತ್ತು. ನೀವು ಅಂಥ ಒಂದು ಹಡಗಿನ ಮೇಲಿದ್ದೀರೆಂದು ಗೊತ್ತಿರಲಿಲ್ಲ. ಮಾಲೀಕ ಕೈಬಿಟ್ಟು ಹದಿಮೂರು ತಿಂಗಳಾಯಿತಂತೆ. ಆರು ಜನ. ದಿನಕ್ಕೆ ಒಂದು ಹೊತ್ತು ಅಕ್ಕಿ ಬೇಯುತ್ತದಂತೆ.

ಮಾಂಸ ತುಂಬಿ ಎಂದು ನಿಮಗೆ ಬರೆದವಳು ನಾನು. ಆ ಪತ್ರವನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ಕ್ಷಮಿಸಿ ಎಂದು ಮಾತ್ರ ಬರೆಯಬಲ್ಲೆ.

ನಿನ್ನೆ ಪಣಂಬೂರಿಗೆ ಹೋಗಿದ್ದೆ. ಅಲ್ಲಿ ಹಡಗಿನವರ ಕಷ್ಟ ನೋಡುವ ಒಂದು ಸಣ್ಣ ಕಚೇರಿ ಉಂಟು. ಕೌಶಲ್ ಎನ್ನುವವರು ಕೂರಿಸಿ ಮಾತಾಡಿದರು. ಇಂಥ ಹಡಗುಗಳು ಬಹಳ ಉಂಟಂತೆ. ಹಡಗಿನವರು ಸಹಿ ಹಾಕಿದ ದೂರು ಇದ್ದರೆ ಅವರು ಅದನ್ನು ಹಡಗು ಕಾರ್ಮಿಕರ ಅಂತರರಾಷ್ಟ್ರೀಯ ಸಂಘಕ್ಕೂ ಅಲ್ಲಿನ ಬಂದರು ಅಧಿಕಾರಿಗಳಿಗೂ ಮುಟ್ಟಿಸುತ್ತಾರೆ. ಫಾರ್ಮ್ ಇಟ್ಟಿದ್ದೇನೆ.

ಅರಾಫತ್‌ನ ಕೈಯಲ್ಲಿ ಒಣಮೀನಿನ ಚಟ್ನಿ, ರೊಟ್ಟಿ, ಬೆಲ್ಲ, ಉಪ್ಪಿನಕಾಯಿ ಕಳಿಸಿದ್ದೇನೆ. ಆರು ಪಾಲು ಮಾಡಿ. ಸಂಚಿತಾಗೆ ಹೇಳಿಲ್ಲ. ಅದು ನೀವೇ ಹೇಳಬೇಕಾದ ಮಾತು.

ಮುಮ್ತಾಝ್


ಹಡಗಿನ ಮೇಲೆ, ಶಾರ್ಜಾದಿಂದ ಒಂಬತ್ತು ಮೈಲು ಹೊರಗೆ
10 ನವೆಂಬರ್ 2024

ಟೀಚರ್,

ಮೇಲಿನ ವಿಳಾಸ ಮೊದಲ ಸಲ ಸರಿಯಾಗಿ ಬರೆದಿದ್ದೇನೆ.

ಡಿಸೈನ್ ಸೆಕ್ಷನ್ ಇಲ್ಲ. ನಾನು ಹಡಗಿಗೆ ಪೈಂಟ್ ಬಳಿಯುವವ. ಹೆಸರು ಬರೆಯುವುದು, ಎಷ್ಟು ಮುಳುಗಿದೆ ಅಂತ ತೋರಿಸುವ ಅಂಕೆ ಬರೆಯುವುದು. ಅಂಗಡಿ ಮುಚ್ಚಿ ಬರುವಾಗ ಊರಿಗೆಲ್ಲ ಆರ್ಟಿಸ್ಟ್ ಅಂತ ಹೇಳಿ ಬಂದಿದ್ದೆ, ಅದನ್ನೇ ಎಳೆದುಕೊಂಡು ಬಂದೆ. ಮೂರು ತಿಂಗಳ ಕೆಲಸ ಅಂತ ಈ ಹಡಗಿಗೆ ಹತ್ತಿಸಿದ್ರು, ಡೆಕ್ಕಿನವ ಅಂತ ಪಟ್ಟಿಯಲ್ಲಿ ಹೆಸರು ಬರೆದ್ರು. ಆಮೇಲೆ ಮಾಲೀಕ ಫೋನ್ ಎತ್ತಲಿಲ್ಲ. ಜನರೇಟರ್ ದಿನಕ್ಕೆ ಒಂದು ಗಂಟೆ. ಆದಿತ್ಯವಾರ ಆ ಒಂದು ಗಂಟೆಯಲ್ಲಿ ಮೊಬೈಲ್ ಚಾರ್ಜ್ ಮಾಡಿ ಸಂಚಿತಾಗೆ ಎಸಿ ತುಂಬಾ ಚಳಿ ಅಂತ ಹೇಳ್ತಿದ್ದೆ.

ನಿಮ್ಮ ಪೊಟ್ಟಣ ಬಿಚ್ಚಿದಾಗ ಕ್ಯಾಪ್ಟನ್ ಬೆಲ್ಲವನ್ನು ನೂಲು ಹಿಡಿದು ಅಳೆದು ಆರು ತುಂಡು ಮಾಡಿದರು.

ಫಾರ್ಮಿಗೆ ಸಹಿ ಹಾಕುವುದಿಲ್ಲ ಟೀಚರ್. ಬೇಜಾರು ಮಾಡಬೇಡಿ. ಲಂಗರಿನಲ್ಲಿದ್ದರೂ ಹಡಗಿನಲ್ಲಿ ಆರು ಜನ ಇರಲೇಬೇಕು, ಬದಲಿ ಬಾರದೆ ಯಾರೂ ಇಳಿಯುವ ಹಾಗಿಲ್ಲ ಅಂತ ರೂಲ್. ನಮ್ಮ ಊರಿನ ಆಫೀಸಿನವರು ನನ್ನೊಬ್ಬನನ್ನು ಇಳಿಸಿದ್ರೆ ನನ್ನ ಬದಲಿಗೆ ಈ ಹಡಗಿಗೆ ಯಾರು ಬರ್ತಾರೆ? ಉಳಿದ ಐದು ಜನರ ಗತಿ ಇನ್ನೂ ಕೆಡ್ತದೆ. ದರ್ವೇಶ್‌ನ ಕಾಲು ಬಾತಿದೆ. ಅವನನ್ನು ಬಿಟ್ಟು ನಾನು ಹೇಗೆ ಏಣಿ ಇಳಿಯಲಿ?

ಸಂಚಿತಾಗೆ ಈಗ ಬೇಡ. ಪುಸ್ತಕ ನಿಲ್ಲಿಸಬೇಡಿ. ಇನ್ನು ಹತ್ತು ಚಿತ್ರ ಉಂಟು. ಬೆಳಿಗ್ಗೆ ಎದ್ದರೆ ಇಲ್ಲಿ ಮಾಡಲಿಕ್ಕೆ ಇರುವ ಕೆಲಸ ಅದೊಂದೇ.

ಮುಖೇಶ್


ಕೂಳೂರು
24 ನವೆಂಬರ್ 2024

ಮುಖೇಶ್,

ಮೊದಲು ನನ್ನ ಸುಳ್ಳು. ಬೆಂಗಳೂರಿನ ಪ್ರಕಾಶಕರು ಜೂನಿನಲ್ಲೇ ಕೈಬಿಟ್ಟಿದ್ದಾರೆ. "ಇಂಥದ್ದನ್ನು ಯಾರು ಕೊಳ್ಳುತ್ತಾರೆ ಮೇಡಂ" ಎಂದು ಎರಡು ಸಾಲು ಬರೆದರು. ನಿಮಗೆ ಹೇಳಿದರೆ ನೀವು ನಿಲ್ಲಿಸುತ್ತೀರಿ, ನನ್ನ ಪುಸ್ತಕ ನಿಲ್ಲುತ್ತದೆ ಎಂದು ಹೆದರಿದೆ. ನಿಮ್ಮ ಹಸಿವಿನ ದಿನಗಳಲ್ಲಿ ನಾನು ಇಲ್ಲದ ಪುಸ್ತಕಕ್ಕೆ ತಿದ್ದುಪಡಿ ಕಳಿಸುತ್ತಿದ್ದೆ. ಈಗ ಬೈಯುವ ಹಕ್ಕು ನಿಮಗೂ ಬಂತು.

ಎರಡನೆಯದು, ನೀವು ಫಾರ್ಮನ್ನು ಸರಿಯಾಗಿ ಓದಿಲ್ಲ. ಎರಡನೆಯ ಪುಟ ನೋಡಿ. ಅಲ್ಲಿ ಆರು ಗೆರೆ ಇವೆ. ಕೌಶಲ್ ಅವರನ್ನು ಮತ್ತೆ ಕೇಳಿದೆ. ಇದು ಒಬ್ಬನ ದೂರಲ್ಲ, ಹಡಗಿನ ದೂರು. ಎಲ್ಲರ ಸಹಿಯಿದ್ದರೆ ಹಡಗನ್ನೇ ಮಾಲೀಕ ಬಿಟ್ಟದ್ದು ಎಂದು ಘೋಷಿಸಿ, ಬಂದರಿನವರು ತಮ್ಮ ಕಾವಲು ಹಾಕಿ, ಆರೂ ಜನರನ್ನು ಒಟ್ಟಿಗೆ ಇಳಿಸಬೇಕಾಗುತ್ತದೆ. ಕಾಯಿಲೆಯವರನ್ನು ಮೊದಲು.

ಮೂರನೆಯದು ಸಂಚಿತಾ. ಬುಧವಾರ ಅವಳು ಸೇತುವೆಯ ಹತ್ತಿರ ಬಸ್ಸಿಳಿದು ನಮ್ಮ ಮನೆಗೆ ಬಂದಳು. ಕೂರಲಿಲ್ಲ.

"ಟೀಚರ್, ಒಂದು ಮಾತು ಸತ್ಯ ಹೇಳಿ. ಇವರಿಗೆ ಅಲ್ಲಿ ಬೇರೆ ಸಂಸಾರ ಉಂಟಾ?"

"ಇಲ್ಲ" ಎಂದೆ.

"ನಿಮಗೆ ಹೇಗೆ ಗೊತ್ತು?"

"ಗೊತ್ತು."

"ಅಂದ್ರೆ ನನಗೆ ಗೊತ್ತಿಲ್ಲದ್ದು ನಿಮಗೆ ಗೊತ್ತುಂಟು."

ನಾನು ಚಾ ತಂದಿಟ್ಟೆ. ಅವಳು ಚಾ ಮುಟ್ಟದೆ ಹೋದಳು. ಮೂಸಬ್ಬರು ಒಳಗಿನಿಂದ ಕೇಳಿಸಿಕೊಂಡಿದ್ದರು. "ನೀನು ಒಂದು ಮನೆ ಒಡೀತಾ ಇದ್ದೀಯ" ಎಂದರು. ನಿಮ್ಮ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೇನೆ. ಎಷ್ಟು ದಿನ ಇರಬಲ್ಲೆನೋ ಗೊತ್ತಿಲ್ಲ. ಫೋನ್ ಮಾಡಿ.

ಗ್ರೀಕರು ಬಾರ್ಲಿ ಹಿಟ್ಟು, ಈರುಳ್ಳಿ, ಗಿಣ್ಣು, ಉಪ್ಪು, ಒಣ ಅಂಜೂರ ಕಟ್ಟಿಕೊಂಡು ಹೋಗುತ್ತಿದ್ದರು. ಕೇಳಿದ್ದಿರಿ, ಬರೆದಿದ್ದೇನೆ. ಅಂಜೂರ ಪೊಟ್ಟಣದಲ್ಲಿ ಉಂಟು.

ಮುಮ್ತಾಝ್


ಹಡಗಿನ ಮೇಲೆ
15 ಡಿಸೆಂಬರ್ 2024

ಟೀಚರ್,

ಆರು ಸಹಿ ಆಯ್ತು. ಫಾರ್ಮ್ ಈ ಲಕೋಟೆಯಲ್ಲೇ ಉಂಟು.

ಕ್ಯಾಪ್ಟನ್ ಮೊದಲು ಒಪ್ಪಲಿಲ್ಲ. ಸಹಿ ಹಾಕಿದರೆ ಇನ್ನು ಯಾವ ಹಡಗಿನವರೂ ಕೆಲಸ ಕೊಡುವುದಿಲ್ಲ ಅಂದರು. ಆಗ ದರ್ವೇಶ್ ಬಾತ ಕಾಲು ಎಳೆದುಕೊಂಡು ಬಂದು, ಪೆನ್ನು ತೆಗೆದು, ತನ್ನ ಗೆರೆಯ ಮೇಲೆ ಹೆಸರು ಬರೆದ. "ನನಗೆ ಇನ್ನು ಕೆಲಸ ಬೇಡ. ಮೊಮ್ಮಗಳನ್ನು ನೋಡಬೇಕು" ಅಂದ. ಕ್ಯಾಪ್ಟನ್ ಕೊನೆಗೆ ಹಾಕಿದರು. ಹಾಕಿ ಬೆನ್ನು ತಿರುಗಿಸಿ ನಿಂತರು, ನಾವು ನೋಡಬಾರದು ಅಂತ.

ಪುಸ್ತಕದ ಸುಳ್ಳು ಎಲ್ಲರಿಗೂ ಹೇಳಿದೆ. ಇಂಜಿನಿಯರ್, "ಪಬ್ಲಿಷರ್ ಹೋದ್ರೆ ಹೋಗ್ಲಿ, ನನ್ನ ಕಾಲಿನ ಕವಚ ಮುಗಿಸು" ಅಂದ. ಮುಗಿಸಿದ್ದೇನೆ.

ಸಂಚಿತಾಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಅಂಗಡಿಯಿಂದ ಹಿಡಿದು. ಲೈನ್ ಕಟ್ ಆಯ್ತೋ ಅಂತ ಹಲೋ ಹಲೋ ಅಂದೆ.

"ಕೇಳ್ತಾ ಇದ್ದೇನೆ" ಅಂದಳು. ಆಮೇಲೆ, "ನಿಮಗೆ ಈಜಲಿಕ್ಕೆ ಬರ್ತದಾ?" ಅಂತ ಕೇಳಿದಳು.

"ಇಲ್ಲ" ಅಂದೆ.

ಫೋನ್ ಇಟ್ಟಳು. ಮತ್ತೆ ಎರಡು ಆದಿತ್ಯವಾರ ಎತ್ತಲಿಲ್ಲ.

ಮುಖೇಶ್


ಕೂಳೂರು
2 ಫೆಬ್ರವರಿ 2025

ಮುಖೇಶ್,

ಜನವರಿಯಲ್ಲಿ ಬರೆದ ಪತ್ರ ಒಡೆಯದೆ ವಾಪಸು ಬಂದಿದೆ. ಹಡಗು ಲಂಗರಿನ ಜಾಗದಲ್ಲಿ ಇಲ್ಲ, ಎಳೆದುಕೊಂಡು ಹೋಗಿದ್ದಾರೆ, ಜನ ಅದರ ಮೇಲಿಲ್ಲ ಎಂದು ಅರಾಫತ್ ಹೇಳುತ್ತಾನೆ. ನಿಮ್ಮನ್ನು ಎಲ್ಲಿ ಇಟ್ಟಿದ್ದಾರೆ ಎಂದು ಅವನಿಗೂ ಗೊತ್ತಾಗಿಲ್ಲ. ಕೌಶಲ್, "ಕಾಗದ ಚಲಿಸುತ್ತಿದೆ, ಧೈರ್ಯದಿಂದಿರಿ" ಎನ್ನುತ್ತಾರೆ. ಎರಡು ಸಲ ಮಣ್ಣಗುಡ್ಡಕ್ಕೆ ಹೋದೆ. ಸಂಚಿತಾ ಬಾಗಿಲು ತೆರೆಯಲಿಲ್ಲ. ಕಿಟಕಿಯಲ್ಲಿ ದೀಕ್ಷಿತಾ ಕಂಡಳು, ತಾಯಿ ಅವಳನ್ನೂ ಒಳಗೆ ಕರೆದಳು. ಅವಳು ಮಾಡಿದ್ದು ತಪ್ಪೆಂದು ನನಗೆ ಅನಿಸುವುದಿಲ್ಲ.

ಮೂಸಬ್ಬರು ಬಂದರಿನಲ್ಲಿ ಮದುವೆ ಕಾಗದ ಅಚ್ಚು ಹಾಕುವ ಅಝರ್‌ನನ್ನು ಮನೆಗೆ ಕರೆತಂದು ಚಿತ್ರಗಳನ್ನು ತೋರಿಸಿದರು. ಅವನು ಒಂದೊಂದನ್ನೂ ಅಂಚು ಹಿಡಿದು ಎತ್ತಿ ನೋಡಿದ. ಇನ್ನೂರು ಪ್ರತಿ ಮಾಡೋಣ ಎಂದಿದ್ದಾನೆ. ಈಗ ಅದನ್ನು ಯೋಚಿಸಲು ನನಗೆ ಮನಸ್ಸಿಲ್ಲ.

ಈ ಪತ್ರವನ್ನು ಅರಾಫತ್‌ನ ಹತ್ತಿರ ಇಟ್ಟಿರಲು ಹೇಳುತ್ತೇನೆ. ಸಿಕ್ಕಿದ ದಿನ ಒಂದು ಸಾಲು ಬರೆಯಿರಿ.

ಮುಮ್ತಾಝ್


ಮಣ್ಣಗುಡ್ಡ
12 ಮಾರ್ಚ್ 2025

ಟೀಚರ್,

ಬಂದು ಎಂಟು ದಿನ ಆಯ್ತು. ಆರು ಕಿಲೋಮೀಟರ್ ದೂರದಿಂದ ಕಾಗದ ಬರೆಯುತ್ತಿದ್ದೇನೆ, ನಗಬೇಡಿ. ಫೋನಿನಲ್ಲಿ ನಿಮ್ಮ ಹತ್ತಿರ ಮಾತಾಡಿ ಅಭ್ಯಾಸ ಇಲ್ಲ.

ಜನವರಿ ಕೊನೆಗೆ ಬಂದರಿನವರು ಎರಡು ದೋಣಿಯಲ್ಲಿ ಬಂದರು. ದರ್ವೇಶ್‌ನನ್ನು ಕುರ್ಚಿಗೆ ಕಟ್ಟಿ ಮೊದಲು ಇಳಿಸಿದರು. ಒಂದು ಹಾಸ್ಟೆಲಿನಲ್ಲಿ ಇಟ್ಟರು. ಕಾಗದಪತ್ರ ಆಗುವವರೆಗೆ ಐದು ವಾರ ಹೊರಗೆ ಬಿಡಲಿಲ್ಲ. ದರ್ವೇಶ್ ಮನೆ ಸೇರಿದ, ಮೊಮ್ಮಗಳ ಜೊತೆ ಫೋಟೋ ಕಳಿಸಿದ. ತೆಸ್ಫಾಯೆಯೂ ಹೋದ. ಇಂಜಿನಿಯರ್‌ಗೆ ಅವನ ಊರಿಗೆ ಹೋಗಲಿಕ್ಕೆ ದಾರಿ ಇಲ್ಲ, ಅಲ್ಲೇ ಇನ್ನೊಂದು ಹಡಗು ಹತ್ತಿದ. ನಾವು ಬೇಡ ಅಂದೆವು. "ಎಲ್ಲಿಗೆ ಹೋಗಲಿ?" ಅಂದ. ಅವನ ವಿಷಯದಲ್ಲಿ ನನಗೆ ನಿದ್ದೆ ಸರಿ ಬರ್ತಿಲ್ಲ.

ವಿಮಾನ ನಿಲ್ದಾಣದಲ್ಲಿ ದೀಕ್ಷಿತಾ ನನ್ನನ್ನು ದಾಟಿ ನನ್ನ ಹಿಂದಿನವರನ್ನು ನೋಡ್ತಿದ್ದಳು. ಗುರುತು ಸಿಕ್ಕಿರಲಿಲ್ಲ. ಸಂಚಿತಾಗೆ ಸಿಕ್ಕಿತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಚೀಲ ಕೈಯಿಂದ ತಗೊಂಡಳು. ಮನೆಗೆ ಬಂದ ಮೇಲೆ ನನ್ನ ಚೀಲದಲ್ಲಿದ್ದ ನಿಮ್ಮ ಕಾಗದಗಳನ್ನೆಲ್ಲ ತಾರೀಕು ಪ್ರಕಾರ ಜೋಡಿಸಿ ಓದಿದಳು. ಎರಡು ದಿನ ಹಿಡಿಯಿತು. ಓದಿ ಮುಗಿಸಿ ನನ್ನನ್ನು ಕೇಳಿದಳು, "ನಿಮಗೆ ಆಫೀಸ್ ಇಲ್ಲ ಅಂತ ಗೊತ್ತಾದ್ರೆ ನಾನು ಬಿಟ್ಟು ಹೋಗ್ತೇನೆ ಅಂತ ಎಣಿಸಿದ್ರಾ?" ನಾನು ಕಾಗದಗಳನ್ನು ಮತ್ತೆ ಚೀಲಕ್ಕೆ ತುಂಬಿದೆ. ಹೌದು ಅಂತ ಅವಳಿಗೆ ಗೊತ್ತಾಯಿತು.

ಇನ್ನೂ ನಡೆಯುವಾಗ ನೆಲ ಅಲ್ಲಾಡಿದ ಹಾಗೆ ಆಗ್ತದೆ. ಗೇಟಿನವರೆಗೆ ಹೋಗಿ ಬರ್ತೇನೆ. ಉಳಿದ ಚಿತ್ರ ಮುಗಿಸಿದ್ದೇನೆ, ನಿಜವಾದ ಡ್ರಾಯಿಂಗ್ ಶೀಟಿನಲ್ಲಿ. ಇದರ ಕೆಳಗೆ ಸ್ವಲ್ಪ ಜಾಗ ಬಿಡಿ ಅಂತ ಸಂಚಿತಾ ಹೇಳಿದ್ದಾಳೆ. ಬಿಡ್ತೇನೆ.

ಮುಖೇಶ್


ಟೀಚರ್,

ನಾನು ಸಂಚಿತಾ. ನಿಮ್ಮಿಂದಾಗಿ ಇವರು ಮನೆಗೆ ಬಂದರು ಅಂತ ನನಗೆ ಗೊತ್ತುಂಟು. ಗೊತ್ತಿದ್ದೂ ನೀವು ಅಷ್ಟು ದಿನ ನನಗೆ ಹೇಳಲಿಲ್ಲ ಅಂತಲೂ ಗೊತ್ತುಂಟು. ಆ ದಿನಗಳಲ್ಲಿ ನಾನು ಇವರ ಬಗ್ಗೆ ಎಂತೆಂತ ಎಣಿಸಿದೆ, ಅದನ್ನು ಈಗ ಎಲ್ಲಿ ಇಡುವುದು?

ನಿಮಗೆ ಈಗ ಉಪವಾಸ ಅಲ್ವಾ? ಆದಿತ್ಯವಾರ ಸಂಜೆ ಉಪವಾಸ ಬಿಡುವ ಹೊತ್ತಿಗೆ ಇಲ್ಲಿಗೇ ಬನ್ನಿ. ಮೂಸಬ್ಬರನ್ನೂ ಕರ್ಕೊಂಡು ಬನ್ನಿ. ಅಂಜಲ್ ಮೀನು ತರಿಸ್ತೇನೆ. ನನ್ನ ಸಿಟ್ಟು ಹೋಗಲಿಲ್ಲ. ಅದನ್ನು ನಿಮ್ಮ ಎದುರು ಕೂತು ಹೇಳ್ಲಿಕ್ಕುಂಟು, ಊಟ ಆದ ಮೇಲೆ.